ಮೈಕಮ್ಮನ ಕಿಟಕಿ

ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂರುತ್ತಿದ್ದ ಹೆಂಗಸಿಗೆ ದಯೆಯೂ ಇರಲಿಲ್ಲ, ದಾಕ್ಷಿಣ್ಯವೂ ಇರಲಿಲ್ಲ. ಇಪ್ಪತ್ತೆಂಟು ವರ್ಷ ಅದೇ ಸ್ಟೂಲಿನ ಮೇಲೆ ಕೂತು, ಬಂದವರ ಹೆಸರು, ಕಾಯಿಲೆ, ಮಾತ್ರೆ ಮೂರನ್ನೂ ಗೋಡೆ ನಡುಗುವಂತೆ ಕೂಗಿದಳು. ಅವರಿಂದ ತಿರುಗಿ ಹೇಳಿಸಿದಳು. ಮೂಲವ್ಯಾಧಿಯವರು, ಭೇದಿಯವರು ತಲೆ ತಗ್ಗಿಸಿ ಪಾಠ ಒಪ್ಪಿಸಿ ಹೋಗುತ್ತಿದ್ದರು. ಜನ ಅವಳಿಗಿಟ್ಟ ಹೆಸರು ಮೈಕಮ್ಮ. ಅದು ಅವಳ ಕಿವಿಗೂ ಬಿದ್ದಿತ್ತು, ತಲೆ ಕೆಡಿಸಿಕೊಂಡಿರಲಿಲ್ಲ.

ಕೂಗುವುದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ವರ್ಷ ಎರಡು ಪೊಟ್ಟಣ ಅದಲುಬದಲಾಗಿ, ಸಕ್ಕರೆ ಕಾಯಿಲೆಯ ಮಾತ್ರೆ ಬೇರೊಬ್ಬ ಮುದುಕನ ಹೊಟ್ಟೆ ಸೇರಿತು. ಆತ ಮೂರು ದಿನ ಕಣ್ಣು ಬಿಡಲಿಲ್ಲ. ಅಂದಿನಿಂದ ಪೊಟ್ಟಣದ ಮೇಲಿದ್ದದ್ದನ್ನು ಒಂದಕ್ಷರ ಬದಲಿಸದೆ ಕೂಗುವುದೇ ಅವಳ ವ್ರತ. ಕೈ ಮತ್ತೆಂದೂ ತಪ್ಪಲಿಲ್ಲ.

ಹೀಗಿರುವಾಗ ಪಕ್ಕದ ಕೋಣೆಯ ನರ್ಸ್ ಒಂದು ಮೊಬೈಲ್ ಆ್ಯಪ್ ಶುರು ಮಾಡಿದಳು. ಎಚ್‌ಐವಿ ತಗಲದಂತೆ ಮೊದಲೇ ನುಂಗುವ ಮಾತ್ರೆ ಬೇಕಾದ ಹುಡುಗ ಹುಡುಗಿಯರು ಫೋನಿನಲ್ಲೇ ಕೇಳಿಕೊಂಡು, ರಕ್ತ ಪರೀಕ್ಷೆ ಮಾಡಿಸಿ, ನಾಲ್ಕಂಕಿಯ ನಂಬರ್ ತೋರಿಸಿ ಒಯ್ಯಬಹುದು. ಹೆಸರು ಕೇಳುವಂತಿಲ್ಲ. ಮೊದಲೆರಡು ತಿಂಗಳು ಮಾತ್ರೆಯನ್ನು ನರ್ಸೇ ಕೊಟ್ಟಳು. ಆಮೇಲೆ ಎಲ್ಲ ಔಷಧಿಯೂ ಕಿಟಕಿಯಿಂದಲೇ ಎಂದು ಆದೇಶವಾಯಿತು.

"ಹೆಸರಿಲ್ಲದವರಿಗೆ ಹಂಚೋಕೆ ಇದೇನು ಕಡಲೆಕಾಯಾ?" ಎಂದಳು ಮೈಕಮ್ಮ. ಆದರೂ ಆದೇಶ ಆದೇಶವೇ. ಹೆಸರು ಬಿಟ್ಟಳು, ಉಳಿದೆರಡನ್ನು ಬಿಡಲಿಲ್ಲ.

ಮೊದಲು ಬಂದವನು ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಯುವಕ.

"ನಾಲ್ಕು ಸೊನ್ನೆ ಏಳು ಒಂದು! ಎಚ್‌ಐವಿ ಬರದಂತೆ ತಡೆಯೋ ಮಾತ್ರೆ! ದಿನಕ್ಕೊಂದು! ಎಲ್ಲಿ, ತಿರುಗಿ ಹೇಳು!"

ಸಾಲಿನವರು ಎಚ್‌ಐವಿ ಎಂಬುದನ್ನಷ್ಟೇ ಕೇಳಿಸಿಕೊಂಡರು. ಒಬ್ಬಾಕೆ ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು. ಯುವಕ ಪೊಟ್ಟಣ ಮುಟ್ಟದೆ ಹೊರಟುಹೋದ.

ಹನ್ನೊಂದು ದಿನ ಕಳೆದ ಮೇಲೆ ನರ್ಸ್ ತನ್ನ ಫೋನ್ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮಾತ್ರೆ ನುಂಗಿದವರು ಆ್ಯಪಿನಲ್ಲಿ ಆ ದಿನದ ಚೌಕ ಒತ್ತಿದರೆ ಅದು ಹಸಿರಾಗುತ್ತದೆ. ಆ ನಂಬರಿನ ಮುಂದೆ ಎರಡು ತಿಂಗಳು ಸಾಲಾಗಿ ಹಸಿರಿತ್ತು. ಆಮೇಲೆ ಹನ್ನೊಂದು ಖಾಲಿ.

"ನಿಮ್ಮ ಗಂಟಲಿನ ಪ್ರತಾಪ ನೋಡಿಮ್ಮ. ಮಾತ್ರೆ ಇಲ್ಲದೆ ಇವನಿಗೆ ಸೋಂಕು ತಗುಲಿದ್ರೆ?"

"ತಪ್ಪು ಮಾತ್ರೆ ನುಂಗಿ ಸತ್ರೆ ಯಾರು ಹೊಣೆ? ನಿನ್ನ ಆ್ಯಪಾ?" ಎಂದಳು ಮೈಕಮ್ಮ. ಆದರೆ ಕನ್ನಡಕ ಏರಿಸಿ ಚೌಕಗಳ ಮೇಲೆ ಬೆರಳಾಡಿಸಿದಳು. "ಎರಡು ತಿಂಗಳಲ್ಲಿ ಒಂದು ದಿನಾನೂ ತಪ್ಪಿಸಿಲ್ವಾ ಇವನು?"

"ಒಂದೂ ಇಲ್ಲ."

ಅವಳು ಫೋನನ್ನು ಹಿಂದಕ್ಕೆ ತಳ್ಳಿ, ಮುಂದಿನವರ ಮೂಲವ್ಯಾಧಿಯನ್ನು ಕೂಗಿದಳು.

ನರ್ಸ್ ಆ್ಯಪಿನಲ್ಲೇ ಮಾತಾಡಿ ಮಾತಾಡಿ, ವಾರದ ಮೇಲೆ ಅವನನ್ನು ಒಪ್ಪಿಸಿ ಕರೆಸಿದಳು. ಮತ್ತೆ ರಕ್ತ ಪರೀಕ್ಷೆಯಾಯಿತು; ಪುಣ್ಯಕ್ಕೆ ಸೋಂಕಿರಲಿಲ್ಲ. ಅಳತೆ ಟೇಪು ಕೊರಳಲ್ಲೇ ಇತ್ತು, ಹಾಗೇ ಕಿಟಕಿಗೆ ಬಂದು ಯುವಕ ನಂಬರ್ ತೋರಿಸಿದ. ಅಷ್ಟರಲ್ಲಿ ಮಂಡಿನೋವಿನ ಚೀಟಿ ಹಿಡಿದು ಅವನ ಅಂಗಡಿಯ ಯಜಮಾನಿ ಹಿಂದೆ ಬಂದು ನಿಂತಳು.

"ಏನೋ, ನೀನಿಲ್ಲಿ? ಏನಾಗಿದೆ ನಿನಗೆ?"

ಯುವಕ ಫೋನನ್ನು ಜೇಬಿಗಿಳಿಸಿ ಹೊರಡಲು ತಿರುಗಿದ.

ಮೈಕಮ್ಮ ಪೊಟ್ಟಣ ತೆಗೆದು, ಮೇಲಿನ ಬರಹವನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಎಂದಿಗಿಂತ ಜೋರಾಗಿ ಕೂಗಿದಳು.

"ರಕ್ತ ಕಮ್ಮಿ! ಕಬ್ಬಿಣಾಂಶದ ಮಾತ್ರೆ! ದಿನಕ್ಕೊಂದು, ಒಂದು ದಿನಾನೂ ತಪ್ಪಿಸೋ ಹಾಗಿಲ್ಲ! ಎಲ್ಲಿ, ತಿರುಗಿ ಹೇಳು!"

ಯುವಕ ಅವಳ ಮುಖವನ್ನೇ ನೋಡಿದ. "ದಿನಕ್ಕೊಂದು. ತಪ್ಪಿಸೋ ಹಾಗಿಲ್ಲ."

"ಹೊತ್ತಿಗೆ ಸರಿಯಾಗಿ ಊಟ ಮಾಡೋ ಅಂತ ಎಷ್ಟು ಬಡ್ಕೊಂಡೆ!" ಎಂದಳು ಯಜಮಾನಿ.

ಪೊಟ್ಟಣ ಕಿಟಕಿಯಿಂದ ಹೊರಬಂತು. ಅವನ ಕೈ ಸೇರುವವರೆಗೂ ಮಾತ್ರೆಯ ಹೆಸರಿನ ಮೇಲೆ ಮೈಕಮ್ಮನ ಹೆಬ್ಬೆರಳಿತ್ತು.