ಜಮ್‌ಜಮ್‌ಗೆ ಕಲಸಿದ ಪುಡಿ

ತಾಂಬಾದ ಅಮೀನಾಬಿ ಹೊಲದಲ್ಲಿ ಒಬ್ಬಳೇ ಹಾವು ಹೊಡೆದ ಹೆಂಗಸು. ಈಗ ಒಂದು ಲೋಟ ನೀರು ಕಂಡರೆ ಅವಳ ಎದೆ ಧಸಕ್ಕೆನ್ನುತ್ತದೆ.

ಗಂಡ ಶಮಶುದ್ದೀನ ಇಂಡಿ ಪಟ್ಟಣದ ಬಜಾರದಲ್ಲಿ ಲಿಂಬೆಹಣ್ಣಿನ ಸವಾಲು, ಅಂದರೆ ಹರಾಜು, ಕೂಗುತ್ತಿದ್ದವನು. ಒಂದು ಮುಂಜಾನೆ ಲಕ್ವಾ ಹೊಡೆದು ಬಲಗೈ ಬಿತ್ತು, ಬಾಯಿ ಸೊಟ್ಟಗಾಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ, ರೊಟ್ಟಿ ಇಳಿಯದವನಿಗೆ ತೆಳ್ಳಗಿನದು ಸಲೀಸು ಎಂದುಕೊಂಡು ಅಮೀನಾಬಿ ನೀರುಮಜ್ಜಿಗೆ ಕುಡಿಸಿದಳು. ನಮ್ಮ ಕಡೆ ಯಾರಾದರೂ ಅದನ್ನೇ ಮಾಡುತ್ತಾರೆ ಬಿಡಿ. ಮಜ್ಜಿಗೆ ಹೊಟ್ಟೆಯ ದಾರಿ ಬಿಟ್ಟು ಉಸಿರಿನ ದಾರಿ ಹಿಡಿಯಿತು. ಆತ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ, ನ್ಯುಮೋನಿಯಾ ಆಗಿ ಮತ್ತೆ ಆಸ್ಪತ್ರೆ ಸೇರಿದ. ಕೈಯಾರೆ ಕೊಲ್ಲುತ್ತಿದ್ದೆನಲ್ಲ ಎಂಬ ಭಯ ಅಂದು ಅವಳೊಳಗೆ ಹೊಕ್ಕಿದ್ದು ಇನ್ನೂ ಹೊರಗೆ ಬಂದಿಲ್ಲ.

ನುಂಗುವುದನ್ನು ಮತ್ತೆ ಕಲಿಸುವ ಭುವನೇಶ್ವರಿ ಮೇಡಂ ಅಲ್ಲಿ ಹೇಳಿಕೊಟ್ಟರು: “ನೀರಿಗೂ ಈ ಗಟ್ಟಿ ಮಾಡೋ ಪುಡಿ ಕಲಸ್ರಿ. ಚಮಚದಿಂದ ಜೇನುತುಪ್ಪದಂಗ ಇಳೀಬೇಕು. ನೆಟ್ಟಗ ಕುಂದರಿಸಿ, ಗದ್ದ ಎದಿಕಡೆ ಬಗ್ಗಿಸಿ ನುಂಗಿಸ್ರಿ. ಆಮ್ಯಾಲ ಮಾತಾಡಸ್ರಿ. ದನಿ ಗೊರಗೊರ ಅಂದ್ರ ನೀರು ಉಸಿರಿನ ದಾರಿ ಹಿಡದೈತಿ ಅಂತ ತಿಳದು ಅಲ್ಲಿಗೇ ನಿಲ್ಲಿಸಿಬಿಡ್ರಿ.”

ಅಮೀನಾಬಿ ಹಾಗೇ ಮಾಡುತ್ತ ಬಂದಳು. ನೀರಿಗೂ ಗಂಜಿ ಮಾಡುತ್ತಾಳೆಂದು ಓಣಿಯವರು ನಕ್ಕರು. ನಗಲಿ, ಅವರ ಗಂಡಂದಿರು ನೀಲಿಗಟ್ಟಿದ್ದನ್ನು ಅವರು ನೋಡಿಲ್ಲವಲ್ಲ.

ಹೀಗಿರುವಾಗ ಹೊರ್ತಿಯಿಂದ ಶಮಶುದ್ದೀನನ ಅಕ್ಕ ಇಮಾಮಬಿ ಬಂದಳು. ಉಮ್ರಾ ಯಾತ್ರೆ ಮುಗಿಸಿ ಮೆಕ್ಕಾದಿಂದ ತಂದ ಜಮ್‌ಜಮ್ ನೀರಿನ ಬಾಟಲಿ ಕೈಯಲ್ಲಿತ್ತು. ರೋಗಿಗೆ ಕುಡಿಸುವ ಪವಿತ್ರ ನೀರು ಅದು. ಸಾಯುವವರ ಬಾಯಿಗೂ ಅದನ್ನೇ ಬಿಡುತ್ತಾರೆ. ಅಮೀನಾಬಿ ಗಂಡನ ಹಾಸಿಗೆಯ ಹತ್ತಿರ ಸರಿದು ನಿಂತಳು.

“ಬಾಯಿ ತೆಗಿ ತಮ್ಮಾ,” ಎಂದು ಇಮಾಮಬಿ ಮುಚ್ಚಳ ತಿರುವಿದಳು.

ಮದುವೆಯಾಗಿ ಬಂದಾಗಿನಿಂದ ಗಂಡನ ಅಕ್ಕನ ಎದುರು ತುಟಿ ಬಿಚ್ಚದ ಅಮೀನಾಬಿ ಬಾಟಲಿ ಹಿಡಿದುಕೊಂಡಳು. “ಹಂಗೇ ಕೊಡಬ್ಯಾಡ್ರಿ ಆಪಾ. ಪುಡಿ ಕಲಸಿ ಕೊಡ್ತೇನಿ.”

“ಜಮ್‌ಜಮ್‌ಗೆ ಹಿಟ್ಟು ಕಲಸ್ತಿ? ಖುದಾನ ಅಂಜಿಕಿ ಐತೋ ಇಲ್ಲೋ ನಿನಗ?”

“ಐತ್ರಿ. ನನ್ನ ಕಣ್ಣಮುಂದ ಇವ್ರ ಉಸುರು ನಿಂತ್ರ ಆವಾಗ ಖುದಾಗ ಏನಂತ ಉತ್ತರ ಕೊಡ್ಲಿ?”

ಇಮಾಮಬಿ ಬಾಟಲಿ ಬಿಟ್ಟುಕೊಟ್ಟಳು. ಅಮೀನಾಬಿ ಬಟ್ಟಲಿನಲ್ಲಿ ನೀರು ಗಟ್ಟಿಮಾಡಿ ಗಂಡನನ್ನು ನೆಟ್ಟಗೆ ಕೂರಿಸಿದಳು. ಗದ್ದ ಎದೆಯ ಕಡೆ ಬಗ್ಗಿಸಿ ಒಂದು ಚಮಚ ಬಾಯಿಗಿಟ್ಟಳು. ಆತನ ಗಂಟಲಮಣಿ ಮೇಲೇರಿತು, ಅಲ್ಲೇ ನಿಂತಂತಾಯಿತು, ಇಳಿಯಿತು.

“ಮಾತಾಡ್ರಿ,” ಎಂದಳು. ಆತ ಕಣ್ಣೀರು ಸುರಿಸುತ್ತಿದ್ದ ಅಕ್ಕನನ್ನೇ ನೋಡುತ್ತಿದ್ದ. ಅಮೀನಾಬಿ ಆತನ ಭುಜ ಹಿಡಿದಳು. “ಅಲ್ಲಾನ ಆಣಿ, ಏನರೆ ಅನ್ರಿ!”

“ಆಪಾ... ಯಾಕ ಅಳಾಕತ್ತಿ?”

ಶಮಶುದ್ದೀನನ ಮಾತು ತೊದಲುತ್ತಿತ್ತು, ಆದರೆ ದನಿಯಲ್ಲಿ ನೀರಿನ ಗೊರಗೊರ ಇರಲಿಲ್ಲ. ಇಮಾಮಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. “ನಾ ಇದನ್ನ ಕಡೀ ನೀರಂತ ತಂದಿದ್ನೋ ತಮ್ಮಾ.”

ಶಮಶುದ್ದೀನ ಹೆಂಡತಿಯತ್ತ ತಿರುಗಿ ನೆಟ್ಟಗಿದ್ದ ಎಡಗೈಯಿಂದ ಬಟ್ಟಲು ತೋರಿಸಿದ. “ಇನ್ನೊಂದ್ ಚಮಚ.”

ಅಮೀನಾಬಿ ಚಮಚ ಓರೆ ಮಾಡಿ, ನೀರು ಜೇನುತುಪ್ಪದಂತೆ ಇಳಿಯುತ್ತದೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿದಳು.