ಮುಫದ್ದಲನ ಬೊಗಸೆ ಬೀಜ

ಕೆತಾಮಾ ಬೆಟ್ಟದ ಮೇಲಿನ ಕೇರಿಯಲ್ಲಿ ಮುಫದ್ದಲನಿಗೆ ಇದ್ದದ್ದು ಒಂದೇ ದೊಡ್ಡಸ್ತಿಕೆ. ಹಿಮ ಕರಗುವ ಹೊತ್ತಿಗೆ ಹನ್ನೆರಡು ಮನೆಯವರು ಗಾಂಜಾ ಬೀಜಕ್ಕೆ ಅವನ ಬಾಗಿಲಿಗೆ ಬರುತ್ತಿದ್ದರು. ಆ ಊರಲ್ಲಿ ಎಲ್ಲವೂ ಮಾರಾಟಕ್ಕಿತ್ತು, ಬೀಜವೊಂದನ್ನು ಬಿಟ್ಟು. ಒಂದು ಹಿಡಿ ಒಯ್ದರೆ ಕೊಯ್ಲಾದ ಮೇಲೆ ಒಂದು ಹಿಡಿ ವಾಪಸು, ಅದು ಕಟ್ಟಳೆ. ಮುಫದ್ದಲನ ಕೈ ಸಣ್ಣದು. ಅದಕ್ಕೇ ಬೊಗಸೆ ತುಂಬ ಕೊಡುತ್ತಿದ್ದ. ಆಗ ಅವನ ಮುಖ ನೋಡಬೇಕಿತ್ತು, ಮಗಳಿಗೆ ಗಂಡು ಗೊತ್ತಾದವನ ಹಾಗೆ.

ಅವನದು ನಾಟಿ ತಳಿ. ಸೊಂಟದೆತ್ತರ, ಕಾಸು ತರುವ ಹೂವಿನ ಅಂಟು ಕಡಿಮೆ, ಆದರೆ ಮಳೆನೀರಲ್ಲೇ ಬದುಕುತ್ತದೆ. ಆಮೇಲೆ ಖರ್ದಾಲಾ ಬಂತು, ಹೊರದೇಶದವರು ಎರಡು ತಳಿ ಕೂಡಿಸಿ ಮಾಡಿದ ಮಿಶ್ರತಳಿ. ಆಳೆತ್ತರ, ಪೊದೆಯಷ್ಟು ಅಗಲ. ಹೂಗೊಂಚಲು ಮುಟ್ಟಿದರೆ ಬೆರಳು ಬಿಡಿಸಿಕೊಳ್ಳಬೇಕು. ನೀರಿನ ವಿಷಯದಲ್ಲಿ ಮಾತ್ರ ಹೊಸ ಅಳಿಯ, ಎಷ್ಟು ಕೊಟ್ಟರೂ ಸಾಕೆನ್ನದು. ಮೂರು ವರ್ಷದಲ್ಲಿ ಊರ ಬಾವಿ ಇಪ್ಪತ್ತು ಮೊಳ ಇಳಿಯಿತು. ಬೀಜ ಪೊಟ್ಟಣದಲ್ಲಿ ಪೇಟೆಯಿಂದ ಬರುತ್ತಿತ್ತು. ಮುಫದ್ದಲನ ಬಾಗಿಲಿಗೆ ಯಾರೂ ಬರಲಿಲ್ಲ.

ಅವನೂ ಒಂದು ಪೊಟ್ಟಣ ತಂದು ಬಿತ್ತಿದ. ಗಂಡುಗಿಡಗಳನ್ನೆಲ್ಲ ಕಿತ್ತ, ಒಳ್ಳೆಯದೊಂದನ್ನು ಮಾತ್ರ ಬೀಜಕ್ಕೆಂದು ಉಳಿಸಿ ಒಳ್ಳೆಯ ಹೆಣ್ಣಿನ ಪಕ್ಕ ಬಿಟ್ಟ. ಅಪ್ಪ ಕಲಿಸಿದ್ದು ಅದನ್ನೇ. ಚಳಿಗಾಲದಲ್ಲಿ ಬಾವಿಕಟ್ಟೆಯಲ್ಲಿ ಸಾರಿದ:

"ಪೊಟ್ಟಣದವನು ಏನು ನಿಮ್ಮ ಸೋದರಮಾವನಾ? ನಮ್ಮನೆಗೆ ಬನ್ನಿ. ಅವ್ವ ಹೇಗೋ ಮಕ್ಕಳೂ ಹಾಗೇ."

"ನಿನ್ನ ಮಕ್ಕಳು ಯಾರ ಹಾಗಿದಾರೆ, ನೋಡ್ಕೊಂಡು ಮಾತಾಡು," ಅಂದಳು ಅವನ ಹೆಂಡತಿ ರಹೀಮು, ಕೊಡ ಎತ್ತಿಕೊಳ್ಳುತ್ತ.

ಹನ್ನೆರಡು ಮನೆಯವರೂ ಬಂದರು. ಆ ವಾರ ಅವನು ಹಳೇ ಮುಫದ್ದಲನಾಗಿ ಓಡಾಡಿದ.

ಮಿಶ್ರತಳಿಯ ಗುಣ ಒಂದೇ ತಲೆಮಾರಿನದು. ಮಕ್ಕಳಲ್ಲಿ ಅದು ಅಜ್ಜ ಅಜ್ಜಿಯರ ಕಡೆಗೆ ಚೆದುರಿಹೋಗುತ್ತದೆ. ಪೊಟ್ಟಣದ ಮೇಲೆ ಅದನ್ನು ಬರೆದಿರಲಿಲ್ಲ. ಬರೆದಿದ್ದರೂ ಮುಫದ್ದಲನಿಗೆ ಓದು ಬಾರದು.

"ಮಾವ, ನನ್ನ ಹೊಲ ನೋಡಿದ್ರಾ?" ಪಕ್ಕದ ಹೊಲದ ಅಯಾಶಿ ಬೇಸಿಗೆಯಲ್ಲಿ ಕೇಳಿದ. "ಮದುವೆ ದಿಬ್ಬಣ ಬಂದ ಹಾಗಿದೆ. ಕುಳ್ಳರು, ಲಂಬೂಗಳು, ಕೆಲಸವಿಲ್ಲದ ಗಂಡಸರು."

ಗಂಡುಗಿಡಗಳು ಒಟ್ಟಿಗೆ ತಲೆ ತೋರಿಸಲಿಲ್ಲ. ಇಂದು ಹತ್ತು ಕಿತ್ತರೆ ಮುಂದಿನ ವಾರ ಇಪ್ಪತ್ತು. ಪರಾಗ ಹಾರಿ ಹೆಣ್ಣುಗಿಡಗಳೆಲ್ಲ ಬೀಜ ಕಟ್ಟಿದವು, ಅಂಟು ಬತ್ತಿತು. ಯಾರೂ ಬೈಯಲಿಲ್ಲ. ಕೊಯ್ಲಾದ ಮೇಲೆ ಹನ್ನೆರಡು ಮನೆಯವರೂ ಬಂದು ಒಂದೊಂದು ಹಿಡಿ ಬೀಜ ಅವನ ಜಗಲಿಯ ಮೇಲೆ ಸುರಿದರು. ಕಟ್ಟಳೆ ತಪ್ಪಬಾರದಲ್ಲ.

"ನಿಮ್ಮದು ನಿಮಗೆ, ಮಾವ," ಅಂದ ಅಯಾಶಿ. ಅಷ್ಟು ಮರ್ಯಾದೆಯಿಂದ ಯಾರೂ ಅವನ ಮುಖಕ್ಕೆ ಹೊಡೆದಿರಲಿಲ್ಲ.

ಮರುವರ್ಷ ಊರು ಪೊಟ್ಟಣಕ್ಕೆ ಮರಳಿತು. ಮುಫದ್ದಲ ಅಟ್ಟ ಹತ್ತಿ ಕೊನೆಯ ನಾಟಿ ಬೀಜ ಇಳಿಸಿದ. ಖರ್ದಾಲಾದ ಭರಾಟೆಯಲ್ಲಿ ಬಿತ್ತದೆ ಬಿಟ್ಟು ಐದು ವರ್ಷವಾಗಿತ್ತು. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ. ಒಂದು ವಾರ ಬೈಸಾರ ಗಂಜಿಯ ಬಟ್ಟಲು ಮುಂದಿದ್ದರೂ ಕಣ್ಣು ಬಟ್ಟೆಯ ಮೇಲೆ. ಬೊಗಸೆ ಬೀಜದಲ್ಲಿ ಮೊಳೆತದ್ದು ಏಳು. ಬೇರೆಲ್ಲೂ ಆ ತಳಿ ಉಳಿದಿರಲಿಲ್ಲ.

"ಒಂದು ಗಂಡು, ಒಂದು ಹೆಣ್ಣು ಸಾಕು," ಅಂದ ಹೆಂಡತಿಗೆ. "ಮತ್ತೆ ಕೇಳ್ಕೊಂಡು ಬರ್ತಾರೆ."

ರಹೀಮು ಕುಡಿಯುವ ನೀರಲ್ಲೇ ಒಂದು ಚೊಂಬು ಸಸಿಗಳಿಗೆ ಹೊಯ್ದಳು.

ಜುಲೈಗೆ ಉಳಿದದ್ದು ಎರಡು. ಗೆಣ್ಣಿನಲ್ಲಿ ಸಣ್ಣ ಸಣ್ಣ ಗುಂಡು ಮೊಗ್ಗು ಬಂದವು. ಎರಡೂ ಗಂಡು.

ಅಯಾಶಿ ಬೇಲಿಯಾಚೆ ನಿಂತು ನೋಡಿದ. ಅವನ ಖರ್ದಾಲಾ ಹೂವಿಗೆ ಬಂದಿತ್ತು, ಪರಾಗಕ್ಕೆ ಬೇಲಿಯಿಲ್ಲ.

"ನೀವು ಕೀಳ್ತೀರೋ ನಾನೇ ಕೀಳ್ಲೋ, ಮಾವ?"

"ಇನ್ನೆರಡು ದಿನ ಇರಲಿ."

"ಎರಡು ದಿನದಲ್ಲಿ ಹೆಣ್ಣಾಗ್ತವಾ?"

ಮುಫದ್ದಲ ಕುಕ್ಕರಗಾಲಲ್ಲಿ ಕೂತು ಬುಡದ ಮಣ್ಣು ಸಡಿಲಿಸಿದ. ಬೇರು ಹರಿಯದ ಹಾಗೆ, ಬೇರೆಲ್ಲೋ ನೆಡಲು ಒಯ್ಯುವವನಂತೆ, ಎರಡನ್ನೂ ಕಿತ್ತ. ಆಮೇಲೆ ಆಡಿನ ಮುಂದೆ ಹಾಕಿದ. ಆಡು ಒಮ್ಮೆ ಮೂಸಿ, ತಿನ್ನತೊಡಗಿತು.