ತೋಟಪ್ಪನ ಹೊಟ್ಟಿನ ಚೀಲ

ನಮ್ಮ ಎಸ್ಟೇಟಿನ ಕಾಫಿ ಸ್ಟೋರಿನ ಒಳಗೋಡೆಯ ಮೇಲೆ ಇಟ್ಟಿಗೆ ಚೂರಿನಿಂದ ಎಳೆದ ಒಂದು ಕೆಂಪು ಗೆರೆ ಇದೆ. ನನ್ನ ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಂದು ಗೇಣು ಉದ್ದ. ವರ್ಷಕ್ಕೊಮ್ಮೆ ಸುಣ್ಣ ಹೊಡೆಯುವವರು ಬಂದಾಗ ಅದೊಂದನ್ನು ಬಿಟ್ಟು ಹೊಡೆಯಿರಿ ಅನ್ನುತ್ತೇನೆ. ಯಾಕೆ ಅಂತ ಕೇಳಿದರೆ ರೇಗುತ್ತೇನೆ. ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವ ರೈಟರ್ ಕೆಲಸ ಮಾಡಿದವನಿಗೆ ಅಷ್ಟು ರೇಗುವ ಹಕ್ಕಿದೆ ಅಂತ ನನ್ನ ಲೆಕ್ಕ. ಆ ಗೆರೆ ತೋಟಪ್ಪನದು.

ತೋಟಪ್ಪ ನಮ್ಮ ಸ್ಟೋರಿನ ಆಳು. ಎಸ್ಟೇಟು ಹೆತ್ತೂರಿನಿಂದ ನಾಲ್ಕು ಮೈಲಿ ಒಳಗೆ. ಅವನಿಗೆ ಹದಿನಾರು ವರ್ಷವಿದ್ದಾಗ ಅವನ ಅಪ್ಪ ನೆರಳುಮರದ ಕೊಂಬೆ ಕಡಿಯಲು ಹತ್ತಿದವನು ಬಿದ್ದು ತೀರಿಕೊಂಡ. ಅವರಿದ್ದ ಲೈನ್ ಮನೆ, ಆಳುಗಳ ಸಾಲುಮನೆ, ಕೆಲಸಕ್ಕೆ ಅಂಟಿಕೊಂಡ ಮನೆ. ಕೆಲಸ ಹೋದರೆ ಮನೆಯೂ ಹೋಯಿತು. ಅಮ್ಮ ಲಿಂಗಮ್ಮನಿಗೆ ಮಂಡಿನೋವು, ಗುಡ್ಡ ಹತ್ತಿ ಹಣ್ಣು ಕುಯ್ಯಲಾಗದು. ಹಾಗಾಗಿ ಅಪ್ಪನ ತಿಥಿ ಮುಗಿದ ಮಾರನೆಯ ದಿನವೇ ಹುಡುಗ ಬಂದು ಸ್ಟೋರಿನ ಬಾಗಿಲಲ್ಲಿ ನಿಂತ.

ಕಾಫಿ ಒಣಗಿತೋ ಇಲ್ಲವೋ ಎಂದು ಹೇಳುವುದರಲ್ಲಿ ಅವನನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಕಣದಿಂದ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಗಿಲಗಿಲ ಅಂದರೆ ಆಯಿತು, ಇಲ್ಲದಿದ್ದರೆ "ಇನ್ನೆರಡು ಬಿಸ್ಲು ಬೇಕು ರೈಟರ್ರೇ" ಅನ್ನುತ್ತಿದ್ದ. ನಾನು ಆಮೇಲೆ ಅಳತೆ ಡಬ್ಬ ತುಂಬಿ ತೂಗುತ್ತಿದ್ದೆ. ತೇವ ಇದ್ದರೆ ಡಬ್ಬ ಜಾಸ್ತಿ ತೂಗುತ್ತದೆ, ಒಣಗಿದ್ದರೆ ಕಡಿಮೆ. ಅವನ ಕಿವಿ ಒಂದು ದಿನವೂ ನನ್ನ ತಕ್ಕಡಿಗೆ ಎದುರು ಹೇಳಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಿಬ್ಬರ ದಡ್ಡತನ ಎಷ್ಟು ದೊಡ್ಡದು ಅಂತ ಆಮೇಲೆ ನಿಮಗೆ ಗೊತ್ತಾಗಬೇಕು.

ತೊಂಬತ್ತೈದರ ಮಳೆಗಾಲದ ಕೊನೆ. ಆನೇಮಹಲ್‌ನ ತಿಮ್ಮಯ್ಯ ಎಂಬವರು ತಮ್ಮ ಕೋಳಿಗೂಡಿಗೆ ಹಾಸಲು ಕಾಫಿ ಹೊಟ್ಟು ಕೇಳಿಕೊಂಡು ಬಂದಿದ್ದರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು, ಅಲ್ಲೇ ಬಾಕ್ಸಿಂಗ್ ಆಡಿ, ನಿವೃತ್ತರಾಗಿ ಬಂದವರು. ಸ್ಟೋರಿನ ಬಾಗಿಲು ಎಂದಿನಂತೆ ಮಳೆಗೆ ಊದಿಕೊಂಡು ಕಚ್ಚಿತ್ತು. ನಾನು ಭುಜ ಕೊಟ್ಟು ತಳ್ಳಿ ಸೋತೆ. ತೋಟಪ್ಪ ಬಂದು ಚಿಲಕದ ಪಕ್ಕಕ್ಕೆ ಮುಷ್ಟಿಯಿಂದ ಒಂದು ಕೊಟ್ಟ. ಬಾಗಿಲು ತೆರೆದು ಒಳಗೋಡೆಗೆ ಬಡಿಯಿತು.

ತಿಮ್ಮಯ್ಯ ಹೊಟ್ಟು ಮರೆತರು. "ಬಾಗ್ಲು ಹಾಕಿ ಇನ್ನೊಂದ್ಸಲ ಹೊಡಿ, ನೋಡಾಣ" ಅಂದರು. ಐದು ಸಲ ಹೊಡೆಸಿದರು. ಕೊನೆಗೆ ಅವನ ಹಿಮ್ಮಡಿ ಮುಟ್ಟಿ, "ಗುದ್ದು ಕೈಯಿಂದ ಬರಾಕಿಲ್ಲ ಕಣೋ, ಇಲ್ಲಿಂದ ಬತ್ತದೆ. ಇಲ್ಲಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ. ಕೈ ಬರೀ ಅಂಚೆಯವ್ನು, ತಂದು ಕೊಡ್ತಾನೆ ಅಷ್ಟೆ" ಅಂದರು. ಅಂದಿನಿಂದ ಭಾನುವಾರಗಳು ಅವರಿಬ್ಬರವಾದವು.

ಮುಂದಿನ ಏಪ್ರಿಲ್‌ನಲ್ಲಿ ತಿಮ್ಮಯ್ಯ ಒಂದು ಸುದ್ದಿ ತಂದರು. ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಸೈನ್ಯದವರು ಬಾಕ್ಸಿಂಗ್ ಹುಡುಗರನ್ನು ಆರಿಸುತ್ತಾರೆ. ಇಪ್ಪತ್ತೊಂದು ತುಂಬಿರಬಾರದು. ತೋಟಪ್ಪನಿಗೆ ಜನವರಿಗೆ ತುಂಬುತ್ತಿತ್ತು. ಆಯ್ಕೆಯಾದರೆ ನೌಕರಿ, ಸಂಬಳ, ಅಮ್ಮನನ್ನು ಲೈನಿನಿಂದ ಬಿಡಿಸಿಕೊಂಡು ಹೋಗುವ ದಾರಿ. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಮೊದಲ ಸಲ ನೋಡಿದ್ದು ಅಂದು.

ಎಸ್ಟೇಟಿನ ಮಾಲೀಕರಾದ ಸಾಹುಕಾರ್ರ ಹತ್ತಿರ ರಜೆ ಕೇಳಲು ಹೋದ. ಅವರು ಗದರಲಿಲ್ಲ, ಅದೇ ಕಷ್ಟ. ಕಾಫಿ ಕುಡಿಸಿ ಹೇಳಿದರು, "ಹೋಗು, ತಡೆಯಾಕಿಲ್ಲ. ಆದ್ರೆ ಹೋದ್ಮೇಲೆ ನಿನ್ ಜಾಗಕ್ಕೆ ಬೇರೆಯವ್ನ ಹಾಕ್ಕತೀನಿ. ವಾಪಸ್ ಬಂದು ಬಾಗ್ಲು ತಟ್ಟಬ್ಯಾಡ." ಅಂದರೆ ಗೆದ್ದರೆ ಸರಿ, ಸೋತರೆ ಲಿಂಗಮ್ಮ ಪಾತ್ರೆ ಪಗಡೆ ಕಟ್ಟಿಕೊಂಡು ರಸ್ತೆಯಲ್ಲಿ ನಿಲ್ಲಬೇಕು. ನೋಡೋಣ ಅಂತ ಹೋಗಿ ಬರುವ ಹಾಗಿರಲಿಲ್ಲ.

ತಿಮ್ಮಯ್ಯ ಯೋಚನೆ ಮಾಡಿದರು. "ಹಂಗಾದ್ರೆ ಅಳ್ದು ನೋಡಿ ಹೋಗಾಣ."

ಮಿಲ್ಲಿನಿಂದ ಆಗಷ್ಟೇ ಬಂದ, ಮುಟ್ಟಿದರೆ ಪುಡಿಯಾಗುವ ಕಾಫಿ ಹೊಟ್ಟನ್ನು ಗೋಣಿಚೀಲಕ್ಕೆ ಜಡಿದು ತುಂಬಿ, ಸ್ಟೋರಿನ ತೊಲೆಗೆ ಗೋಡೆಯ ಪಕ್ಕದಲ್ಲೇ ನೇತು ಹಾಕಿದರು. ಚೀಲದ ಪಕ್ಕಕ್ಕೆ ತಂತಿಯಿಂದ ಇದ್ದಿಲ ತುಂಡು ಕಟ್ಟಿದರು. ಗುದ್ದಿದಾಗ ಚೀಲ ಗೋಡೆಯುದ್ದಕ್ಕೂ ತೂಗಿ ಮೇಲೇರುತ್ತದೆ, ಇದ್ದಿಲು ಸುಣ್ಣದ ಮೇಲೆ ಬಿಲ್ಲಿನಾಕಾರ ಬರೆಯುತ್ತದೆ. ಬಿಲ್ಲು ಎಲ್ಲಿ ನಿಂತಿತೋ ಅಲ್ಲಿಗೆ ಗುದ್ದಿನ ಬಲ. ತಿಮ್ಮಯ್ಯ ಅಂಗಿ ಬಿಚ್ಚಿಟ್ಟು ತಾವೇ ಮೊದಲು ಹೊಡೆದರು. ಐವತ್ತರ ಹತ್ತಿರದ ಮನುಷ್ಯ, ಆದರೂ ಸೂರಿನ ಧೂಳು ಉದುರಿತು. ತಮ್ಮ ಗುರುತಿಗಿಂತ ಒಂದು ಗೇಣು ಮೇಲೆ ಇಟ್ಟಿಗೆಯಿಂದ ಕೆಂಪು ಗೆರೆ ಎಳೆದರು.

"ಇದ್ನ ಮುಟ್ಟಿದ್ರೆ ಅಲ್ಲಿ ಯಾರೂ ನಿನ್ನ ವಾಪಸ್ ಕಳ್ಸಾಕಿಲ್ಲ, ನಂದು ಜವಾಬ್ದಾರಿ. ಮುಟ್ಟದಿದ್ರೆ ಹೋಗಬ್ಯಾಡ. ಅವ್ವನ್ನ ನೋಡ್ಕ."

ಅಳೆಯುವ ಕೆಲಸ ನನಗೆ ಬಂತು. ಪ್ರತಿ ಭಾನುವಾರ ಊಟಕ್ಕೆ ಮುಂಚೆ ಮೂರು ಗುದ್ದು. ಅವುಗಳಲ್ಲಿ ಮೇಲಿನದು ಗೆರೆಯಿಂದ ಎಷ್ಟು ಬೆರಳು ಕೆಳಗಿದೆ ಅಂತ ನೋಡಿ ಗೋಡೆಯ ಮೇಲೆ ತಾರೀಖು ಬರೆಯುವುದು. ಮೊದಲ ದಿನ ಐದು ಬೆರಳು ಕೆಳಗಿತ್ತು.

ಹುಡುಗ ಮೈ ಮುರಿದು ದುಡಿದ. ಬೆಳಗ್ಗೆ ಕಣದ ಸುತ್ತ ಓಟ. ಸಿಲ್ವರ್ ಓಕ್ ಮರದ ದಿಮ್ಮಿ ಸೀಳುವುದು, ಅದೂ ಒಂದು ದಿನ ಬಲಗೈ ಮುಂದೆ, ಒಂದು ದಿನ ಎಡಗೈ ಮುಂದೆ. ಕೂತಲ್ಲಿಂದ ಮೂಟೆಯನ್ನು ಸೊಂಟದ ತಿರುವಿನಿಂದಲೇ ಎಸೆಯುವುದು. ದಿನಾ ಮೊಟ್ಟೆ ತಿನ್ನು ಅಂತ ತಿಮ್ಮಯ್ಯ ಹೇಳಿದ್ದಕ್ಕೆ ಲಿಂಗಮ್ಮ, "ಮನೇಲಿ ಲಿಂಗ ಪೂಜೆ ಮಾಡ್ತೀವಿ, ಮೊಟ್ಟೆ ಮಾತು ಎತ್ತಬ್ಯಾಡಿ" ಅಂದು ದಿನವೂ ಹುರುಳಿ ಬೇಯಿಸಿ ಹಾಕಿದಳು. ಮೇ ತಿಂಗಳಲ್ಲಿ ಗುರುತು ಮೂರು ಬೆರಳಿಗೆ ಬಂತು. ಜೂನ್ ಮೊದಲ ಭಾನುವಾರ ಒಂದೇ ಬೆರಳು. ನಾನು ಖುಷಿಗೆ ಅವನ ಬೆನ್ನಿಗೆ ಗುದ್ದಿ ಕೈ ನೋಯಿಸಿಕೊಂಡೆ.

ಆಮೇಲೆ ಮಳೆ ಹಿಡಿಯಿತು. ಹೆತ್ತೂರು ಕಡೆ ಮಳೆ ಹಿಡಿದರೆ ಆಗಸ್ಟ್ ಮುಗಿಯುವವರೆಗೆ ಬಿಡುವುದಿಲ್ಲ. ಬಸ್ಸು ಬಂದರೆ ಬಂತು. ಹೊಳೆ ದಾಟುವಂತಿಲ್ಲ, ತಿಮ್ಮಯ್ಯ ಬರುವಂತಿಲ್ಲ. ಸ್ಟೋರಿನೊಳಗೆ ನಾವಿಬ್ಬರು, ಆ ಚೀಲ, ಹೆಂಚಿನ ಮೇಲಿನ ಸದ್ದು.

ಜೂನ್ ಮೂರನೆಯ ವಾರ ಗುರುತು ಎರಡು ಬೆರಳು ಕೆಳಗೆ ಬಂತು. ಕಾಲು ಜಾರಿರಬೇಕು ಅಂದುಕೊಂಡೆವು. ಜುಲೈನಲ್ಲಿ ನಾಲ್ಕು. ತೋಟಪ್ಪ ದಿಮ್ಮಿ ಸೀಳುವುದನ್ನು ಎರಡರಷ್ಟು ಮಾಡಿದ, ಗುರುತು ಐದಕ್ಕಿಳಿಯಿತು. ತಿಮ್ಮಯ್ಯನವರಿಗೆ ಕಾರ್ಡು ಬರೆದೆ. "ಮೈ ದಣಿದಿದೆ, ಒಂದು ವಾರ ವಿಶ್ರಾಂತಿ ಕೊಡಿಸಿ" ಅಂತ ಉತ್ತರ ಬಂತು. ಒಂದು ವಾರ ಸುಮ್ಮನಿದ್ದ. ಆರು ಬೆರಳು. ಕೊನೆಗೆ ಹೆತ್ತೂರಿನ ಹೋಟೆಲಿನಲ್ಲಿ ಅಮ್ಮನಿಗೆ ಗೊತ್ತಾಗದಂತೆ ಆರು ಮೊಟ್ಟೆ ತಿಂದು ಬಂದ. ಪಾಪ, ಅದಕ್ಕೂ ಏನೂ ಆಗಲಿಲ್ಲ. ಮನೆಯ ಲಿಂಗದೇವರೇ ಶಿಕ್ಷೆ ಕೊಟ್ಟ ಅಂತ ಒಳಗೊಳಗೇ ಕೊರಗಿದ.

ನಡುವೆ ಒಂದು ದಿನ ನೇತು ಹಾಕಿದ್ದ ಹಗ್ಗ ಕೊಳೆತು ಕಿತ್ತಿತು. ಹೊಸದು ಕಟ್ಟುವಾಗ ಚೀಲವನ್ನು ಎತ್ತಿ ಹಿಡಿದವನು ನಾನು. ಏಪ್ರಿಲ್‌ನಲ್ಲೂ ನಾನೇ ಹಿಡಿದಿದ್ದೆ. ಈ ಸಲ ತೋಳು ನಡುಗಿತು, ಉಸಿರು ಕಟ್ಟಿತು. ನನಗೆ ವಯಸ್ಸಾಯಿತು ಅಂದುಕೊಂಡು ಮನೆಗೆ ಹೋಗಿ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡೆ.

ಆಗಸ್ಟ್ ಕೊನೆಯ ಭಾನುವಾರ. ಬುಧವಾರ ಬೆಳಗ್ಗೆ ಆನೇಮಹಲ್‌ನಲ್ಲಿ ಬಸ್ಸು ಹತ್ತಬೇಕು, ತಿಮ್ಮಯ್ಯನವರೂ ಜೊತೆಗೆ ಹೊರಟಿದ್ದರು. ತೋಟಪ್ಪ ಮೂರು ಹೊಡೆದ. ಮೂರರ ಮೇಲೆ ಇನ್ನೂ ಹತ್ತು ಹೊಡೆದ. ಬೆರಳ ಗೆಣ್ಣು ಒಡೆದು ಗೋಣಿಗೆ ರಕ್ತ ಹತ್ತಿತು. ಏಳು ಬೆರಳು ಕೆಳಗೆ. ಅಳೆಯಲು ಶುರು ಮಾಡಿದ ಮೊದಲ ದಿನಕ್ಕಿಂತ ಎರಡು ಬೆರಳು ಕಡಿಮೆ.

"ನನ್ನ ಮೈಯಾಗೆ ಏನೂ ಇಲ್ಲ ರೈಟರ್ರೇ. ಇದ್ದಿದ್ದೂ ಸೋರೋಗ್ಬುಡ್ತು" ಅಂದ. ಚೀಲವನ್ನು ತಬ್ಬಿಕೊಂಡೇ ನಿಂತಿದ್ದ.

ಏನಾದರಾಗಲಿ ಹೋಗು ಅನ್ನಬೇಕಿತ್ತು ನಾನು. ಅನ್ನಲಿಲ್ಲ. "ಅವ್ವ ಅವ್ಳೆ, ನೋಡ್ಕಪ್ಪ" ಅಂದೆ. ಆ ಮಾತು ಇವತ್ತಿಗೂ ನನ್ನ ಬಾಯಲ್ಲಿ ಕಹಿಯಾಗಿ ಕೂತಿದೆ. ಬುಧವಾರ ತಿಮ್ಮಯ್ಯ ಆನೇಮಹಲ್‌ನಲ್ಲಿ ಬೆಳಗ್ಗೆ ಆರರಿಂದ ಮೂರು ಬಸ್ಸು ಬಿಟ್ಟು ಕಾದರಂತೆ. ತೋಟಪ್ಪ ಆ ಹೊತ್ತಿನಲ್ಲಿ ಸ್ಟೋರಿನಲ್ಲಿ ಹಳೆಯ ಗೋಣಿ ಹೊಲಿಯುತ್ತಿದ್ದ.

ಚೀಲ ತೊಲೆಯಲ್ಲೇ ಉಳಿಯಿತು. ಯಾರೂ ಮುಟ್ಟಲಿಲ್ಲ. ಮಳೆ ಹೋಯಿತು, ಹಣ್ಣು ಬಂತು, ಕಣ ತುಂಬಿತು. ಜನವರಿಯಲ್ಲಿ ತೋಟಪ್ಪನಿಗೆ ಇಪ್ಪತ್ತೊಂದು ತುಂಬಿತು. ಲಿಂಗಮ್ಮ ಪಾಯಸ ಮಾಡಿ ನನಗೂ ಕಳಿಸಿದಳು.

ಫೆಬ್ರವರಿಯ ಒಂದು ಮಧ್ಯಾಹ್ನ ಸಾಹುಕಾರ್ರು ಯಾವುದೋ ಸಣ್ಣ ವಿಷಯಕ್ಕೆ ಎಲ್ಲರ ಮುಂದೆ ಅವನನ್ನು ಬೈದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಒಳಗೆ ಬಂದ. ಕಣದಲ್ಲಿ ಕಾಫಿ ಎಳೆದು ಹರಡುವ ಹಲಗೆಯನ್ನು ಮೂಲೆಗೆ ಒರಗಿಸಿ, ಹೋಗುತ್ತ ಹೋಗುತ್ತ ಸಿಟ್ಟಿಗೆ ಆ ಚೀಲಕ್ಕೊಂದು ಗುದ್ದಿದ.

ಇದ್ದಿಲು ಗೋಡೆಯ ಮೇಲೆ ಕರ್ರನೆ ಎಳೆಯಿತು. ನಾನು ಮೇಜಿನಿಂದ ಎದ್ದೆ. ಗುರುತು ಕೆಂಪು ಗೆರೆ ದಾಟಿ ನಾಲ್ಕು ಬೆರಳು ಮೇಲಿತ್ತು.

ಐದು ತಿಂಗಳಿಂದ ಅವನು ಒಂದು ದಿಮ್ಮಿ ಸೀಳಿರಲಿಲ್ಲ, ಒಂದು ಸುತ್ತು ಓಡಿರಲಿಲ್ಲ. ಗೋಡೆಯನ್ನೇ ನೋಡುತ್ತ ಮತ್ತೊಂದು ಹೊಡೆದ. ಅಲ್ಲಿಗೇ ಹೋಯಿತು. ಆಮೇಲೆ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಹೊಟ್ಟು ತೆಗೆದು, ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದ. ಬೆರಳು ಬಿಗಿದಾಗ ಹೊಟ್ಟು ಕರಕರ ಪುಡಿಯಾಯಿತು.

"ಒಣಗೈತೆ" ಅಂದ.

ನಾನು ಚೀಲ ಇಳಿಸಿ ತಕ್ಕಡಿಗೆ ಹಾಕಿದೆ. ಮೂವತ್ತೊಂದು ಕಿಲೋ.

"ಮಳೇಲಿ ಎಷ್ಟಿತ್ತು ರೈಟರ್ರೇ?"

ನನಗೆ ಗೊತ್ತಿರಲಿಲ್ಲ. ಕಾಫಿ ತೂಗಿದ್ದೆ, ಮೆಣಸು ತೂಗಿದ್ದೆ, ಗೊಬ್ಬರ ತೂಗಿದ್ದೆ. ತೇವ ಕುಡಿದರೆ ಕಾಫಿ ಭಾರವಾಗುತ್ತದೆ ಅಂತ ಊರಿಗೆಲ್ಲ ಹೇಳುವ ನಾವಿಬ್ಬರು, ಅದೇ ಕಾಫಿಯ ಸಿಪ್ಪೆ ಮೂರು ತಿಂಗಳ ಥಂಡಿಯಲ್ಲಿ ಕಣ್ಣೆದುರೇ ನೇತಾಡುವಾಗ ಅದನ್ನು ಅನುಮಾನಿಸಲಿಲ್ಲ. ಅವನು ತನ್ನ ತೋಳನ್ನು ಅನುಮಾನಿಸಿದ, ನಾನು ನನ್ನ ಸೊಂಟವನ್ನು ಅನುಮಾನಿಸಿದೆ. ಸಾಹುಕಾರ್ರ ಕಾಫಿಯಾಗಿದ್ದರೆ ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದೆವು.

ಚೀಲವನ್ನು ಮತ್ತೆ ಅದೇ ಜಾಗಕ್ಕೆ ಕಟ್ಟಿದ. ಮುಂದಿನ ಆಗಸ್ಟ್ ಕೊನೆಯ ಭಾನುವಾರ ಅವನೇ ಇಳಿಸಿ ತೂಗಿದ. ನನ್ನ ಮೇಜಿನ ಹತ್ತಿರ ಬಂದು "ನಲವತ್ತೆರಡು" ಅಂದ. ಅಷ್ಟೆ. ಚೀಲವನ್ನು ಹೆಗಲಿಗೆ ಹಾಕಿಕೊಂಡು ಮಳೆಯಲ್ಲೇ ಗೊಬ್ಬರದ ಗುಂಡಿಗೆ ಹೋಗಿ, ಚಾಕುವಿನಿಂದ ಸೀಳಿ ಸುರಿದು ಬಂದ. ಸುದ್ದಿ ತಿಳಿದು ಬಂದ ತಿಮ್ಮಯ್ಯ ನನ್ನ ಕುರ್ಚಿಯಲ್ಲಿ ಕೂತರು. "ಅಷ್ಟು ಭಾರಕ್ಕೆ ಬರೀ ಏಳು ಬೆರಳು ಕೆಳಗೆ ಅಂದ್ರೆ..." ಅಂದರು. ಮುಖ ಒರೆಸಿಕೊಂಡು ಎದ್ದು ಹೋದರು.

ಇದಾಗಿ ಹತ್ತು ವರ್ಷ ಕಳೆದಿದೆ. ಲಿಂಗಮ್ಮ ಅದೇ ಲೈನ್ ಮನೆಯಲ್ಲಿ ತೀರಿಕೊಂಡಳು. ತೋಟಪ್ಪನಿಗೆ ಮದುವೆಯಾಯಿತು, ಅದೇ ಮನೆಗೆ ಹೆಂಡತಿ ಬಂದಳು. ಅದೇ ಕಣ, ಅದೇ ಹಲಗೆ. ಮಳೆಗಾಲದಲ್ಲಿ ಸ್ಟೋರಿನ ಬಾಗಿಲು ಕಚ್ಚಿಕೊಂಡರೆ ಈಗ ಅವನು ಮುಷ್ಟಿಯಿಂದ ಹೊಡೆಯುವುದಿಲ್ಲ, ಹಾರೆ ಹಾಕಿ ಮೀಟುತ್ತಾನೆ.

ಹೋದ ವಾರ ಸಾಹುಕಾರ್ರ ಮಗ ಕಾಫಿಯ ತೇವ ಅಳೆಯುವ ಮೆಷಿನ್ ತರಿಸಿದರು. ಮಾರಲು ಬಂದಿದ್ದವನು ಟೈ ಕಟ್ಟಿಕೊಂಡು, ಒಂದು ಲೋಟ ಬೀಜ ಸುರಿದು ಗುಂಡಿ ಒತ್ತಿ, ನೂರಕ್ಕೆ ಎಷ್ಟು ನೀರು ಅಂತ ಅಂಕಿ ತೋರಿಸಿದ. ಇನ್ನು ಮೇಲೆ ತೋಟಪ್ಪನ ಕಿವಿಗೆ ಕೆಲಸವಿಲ್ಲ ಅಂತ ಎಲ್ಲರೂ ನಕ್ಕರು. ತೋಟಪ್ಪ ಹತ್ತಿರ ಹೋಗಿ ಬಗ್ಗಿ ನೋಡಿದ.

"ಇದು ಹೊಟ್ಟಿಗೂ ತೋರ್ಸುತ್ತಾ ಸಾರ್?"

ಮಾರುವವನು ನಗುತ್ತ, "ಹೊಟ್ಟಿನ ತೇವ ಕಟ್ಕೊಂಡು ಯಾರಿಗೇನಾಗ್ಬೇಕು ಮಾರಾಯ?" ಅಂದ.

"ಒಂದ್ಸಲ ಬೇಕಾಗಿತ್ತು" ಅಂದ ತೋಟಪ್ಪ, ಮೂಟೆ ಹೆಗಲಿಗೇರಿಸಿಕೊಂಡು ಒಳಗೆ ಹೋದ.